ಟೈಲರಣ್ಣನ ತುಟಿಯ ಮಾತು

ಪುಟ್ಟಿಯ ಒಂದು ಜಡೆ ಹೆಣೆದಾಗಿತ್ತು. ಇನ್ನೊಂದರ ಎಳೆಗಳು ಅಮ್ಮನ ಬೆರಳ ಸಂದಿಯಲ್ಲಿದ್ದವು. ಅಷ್ಟರಲ್ಲಿ ನಾಟಕದ ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದರು. ನಡುಮನೆಯಲ್ಲಿ ಮಲಗಿಸಿದ್ದ ಟೈಲರಣ್ಣನಿಗೆ ಕೈಮುಗಿದರು. ಮುಗಿದ ಕೈ ಇಳಿಯುವ ಮೊದಲೇ ಅವರ ಕಣ್ಣು ಹೊಲಿಗೆ ಯಂತ್ರದ ಕಡೆ ಹೋಯಿತು.

“ಹೊತ್ತಲ್ಲದ ಹೊತ್ತು, ಗೊತ್ತಮ್ಮ. ಆದ್ರೆ ನಿಮ್ಮಪ್ಪನ ಹತ್ರ ನಾಟಕದ ಪುಸ್ತಕ ಇತ್ತಲ್ಲ, ಅದು ಬೇಕಿತ್ತು. ಸಂಜೆ ಪ್ರದರ್ಶನ ಇದೆ.”

ಅವಳು ಮಗಳ ಜಡೆ ಕೈಬಿಟ್ಟಳು. “ಹೆಣ ಇನ್ನೂ ಎತ್ತಿಲ್ಲ ಮೇಷ್ಟ್ರೇ.”

“ಅವರ ನೆನಪಿಗೇ ಆಡ್ತಿರೋದು.”

“ಅಯ್ಯೋ, ಎಂಥಾ ಪ್ರೀತಿ!” ಟೈಲರಣ್ಣನ ತಂಗಿ ಗೋಡೆಗೊರಗಿದಲ್ಲಿಂದಲೇ ಅಂದಳು. “ಬದುಕಿದ್ದಾಗ ಕುರ್ಚಿ ಒರೆಸೋಕೂ ನಮ್ಮಣ್ಣನೇ ಬೇಕಿತ್ತು. ಈಗ ನೆನಪು ಉಕ್ಕಿ ಬಂತಾ?”

“ನೀವು ಸ್ವಲ್ಪ ಸುಮ್ನಿರಿ. ಆ ಪುಸ್ತಕ ಇಲ್ದೆ ನಮ್ಮ ಹೀರೋ ಬಾಯೇ ಬಿಡಲ್ಲ.”

“ಬಿಡದಿದ್ರೆ ನೋಡೋರಿಗೆ ಪುಣ್ಯ.”

*

ಅವರದು ಮೂವತ್ತು ಕುರ್ಚಿಯ ನಾಟಕ. ಹಳೆಯ ಗೋದಾಮಿನ ಒಂದು ಕೋಣೆ. ವೇದಿಕೆಯಿಲ್ಲ, ಪರದೆಯಿಲ್ಲ, ನಟನ ಉಸಿರು ನೋಡುವವರ ಮುಖಕ್ಕೆ ತಾಗುವಷ್ಟು ಹತ್ತಿರ. ಹನ್ನೊಂದು ವರ್ಷದಿಂದ ಒಂದೇ ಹಳೆಯ ಕಾದಂಬರಿಯನ್ನು ಆಡುತ್ತಿದ್ದರು: ಯಾರೋ ಹಚ್ಚಿದ ಬೆಂಕಿಗೆ, ಮೈ ಕಪ್ಪೆಂಬ ಒಂದೇ ಕಾರಣಕ್ಕೆ, ಕಟಕಟೆ ಹತ್ತುವ ದೋಣಿಯವನ ಕಥೆ. ಎಲ್ಲರೂ ಹೀರೋ ಎಂದೇ ಕರೆಯುವ ಬೆಳ್ಳನೆಯ ನಟ ಮುಖಕ್ಕೆ ಮಸಿ ಬಳಿದುಕೊಂಡು ದೋಣಿಯವನಾಗುತ್ತಿದ್ದ. ಅವನಿಗೆ ಮಾತು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅಷ್ಟು ಚಿಕ್ಕ ಕೋಣೆಯಲ್ಲಿ ಪಿಸುಗುಟ್ಟಿದರೂ ಎಲ್ಲರಿಗೂ ಕೇಳುತ್ತದೆ. ಅದಕ್ಕೇ ಇದ್ದಿಲಿನಷ್ಟು ಕಪ್ಪಗಿದ್ದ ಟೈಲರಣ್ಣ ಪ್ರೇಕ್ಷಕರ ನಡುವೆ, ಮುಂದಿನ ಸಾಲಲ್ಲೇ ಕೂತು, ದನಿಯಿಲ್ಲದೆ ಬರೀ ತುಟಿಯಾಡಿಸಿ ಅವನಿಗೆ ಮಾತು ಕೊಡುತ್ತಿದ್ದ.

ಹೋದ ತಿಂಗಳು ಜ್ವರವೆಂದು ಹೀರೋ ತಾಲೀಮಿಗೆ ಬರಲಿಲ್ಲ. “ಟೈಲರಣ್ಣ, ಸುಮ್ನೆ ನಿಂತು ಓದಿಬಿಡಿ” ಎಂದರು ಮೇಷ್ಟ್ರು. ಅವನು ಪುಸ್ತಕ ಮುಚ್ಚಿಟ್ಟು, ಕಟಕಟೆಯ ಮಾತನ್ನು ಮೊದಲ ಸಲ ದನಿಯೆತ್ತಿ ಆಡಿದ. ವೇಷದ ಅಂಗಿಗಳ ರಾಶಿಯ ಪಕ್ಕ ಕೂತಿದ್ದ ಪುಟ್ಟಿ ನೋಡಿದಳು: ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಪ್ರದರ್ಶನದ ದಿನವೂ ಹೀರೋನ ಜ್ವರ ಬಿಡಲಿಲ್ಲ. ಟೈಲರಣ್ಣ ಒಗೆದ ಅಂಗಿ ತೊಟ್ಟು, ಮೊಮ್ಮಗಳನ್ನು ಕರೆದುಕೊಂಡು ಹೊರಟ. ಗೋದಾಮಿನ ಬಾಗಿಲಿಗೆ ಚೀಟಿ ಅಂಟಿಸಿತ್ತು: ಇಂದು ಪ್ರದರ್ಶನವಿಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ಪುಟ್ಟಿಯ ಬಾಯಿಗೆ ಒಂದು ಪ್ರಶ್ನೆ ಬಂದು ಬಂದು ಹೋಯಿತು. ತಾತ ಬಿರಬಿರನೆ ನಡೆಯುತ್ತಿದ್ದ. ಅವಳು ಕೇಳಲಿಲ್ಲ.

*

ಹೊರಗೆ ಶವದ ವ್ಯಾನು ಬಂದು ನಿಂತಿತು. ಅಮ್ಮ ಯಂತ್ರದ ಡ್ರಾಯರಿನಿಂದ ಪುಸ್ತಕ ತೆಗೆದಳು. ಯಾರು ಎಲ್ಲಿ ತಡವರಿಸುತ್ತಾರೆಂದು ಪುಟಪುಟಕ್ಕೂ ಪೆನ್ಸಿಲಿನ ಗುರುತಿತ್ತು.

“ಇದು ಅಪ್ಪನ ಜೊತೆ ಹೋಗುತ್ತೆ.”

“ತಲೆ ಕೆಟ್ಟಿದೆಯಾ? ಸಂಘದ ಸೊತ್ತು ಅದು!” ಮೇಷ್ಟ್ರು ಪುಸ್ತಕದ ಇನ್ನೊಂದು ತುದಿ ಹಿಡಿದರು.

“ಬಿಡ್ರೀ ಕೈ.”

“ಹನ್ನೊಂದು ವರ್ಷ ಅವರನ್ನ ಮನೆಯವರ ಥರ ನೋಡ್ಕೊಂಡಿದ್ದೀವಿ...”

ಎಳೆದಾಟಕ್ಕೆ ಪುಸ್ತಕ ಕಿತ್ತುಹೋಗಿ ಹಾಳೆಗಳು ಟೈಲರಣ್ಣನ ಎದೆಯ ಮೇಲೆ ಚೆಲ್ಲಿದವು. ಹೆಕ್ಕಲು ಇಬ್ಬರೂ ಬಗ್ಗಲಿಲ್ಲ. ಪುಟ್ಟಿ ಮೇಷ್ಟ್ರ ಮುಂದೆ ಬಂದು ನಿಂತು ಕತ್ತೆತ್ತಿದಳು.

“ಅವತ್ತು ತಾತ ಮಾತಾಡಿದಾಗ ನೀವು ಅತ್ರಲ್ಲ. ಮತ್ತೆ ಯಾಕೆ ತಾತಂಗೆ ಆ ಪಾತ್ರ ಕೊಡ್ಲಿಲ್ಲ?”