ಮಠದ ಕಡೆಯ ತಂತಿ

ಬಿಸಿಲಿದ್ದರೂ ಸೋಲಾರ್ ಯಾಕೆ ನಿಲ್ಲುತ್ತದೆ ಎಂಬುದನ್ನು ಮಠದ ವ್ಯವಸ್ಥಾಪಕ ಗುರುಪ್ರಕಾಶರಿಗೆ ನಾನು ಮೂರು ಸಲ ವಿವರಿಸಿದ್ದೆ. ಬೀದಿಯ ಕರೆಂಟು ಹೋದೊಡನೆ ಮಾಳಿಗೆಯ ಮೇಲಿನ ಇನ್ವರ್ಟರ್ ತಾನೂ ನಿಲ್ಲಬೇಕು. ಇಲ್ಲದಿದ್ದರೆ ನಮ್ಮ ಕರೆಂಟು ಹೊರಗೆ ಹರಿದು ಕಂಬದ ಮೇಲೆ ಕೆಲಸ ಮಾಡುವವನನ್ನು ಹಿಡಿಯುತ್ತದೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ನಾನು ಕಲಿಸುವುದೇ ಇದನ್ನು. ಅವರು ಮೂರು ಸಲವೂ ತಲೆಯಾಡಿಸಿ ಒಂದೇ ಮಾತು ಹೇಳಿದರು.

“ಸೂರ್ಯ ನೆತ್ತಿ ಮ್ಯಾಲ ನಿಂತಾನ್ರೀ ಮೇಡಮ್ಮಾರ. ಬಂದ ಭಕ್ತರು, ಫ್ಯಾನ್ ಯಾಕ ತಿರಗವಲ್ದು ಅಂತ ಕೇಳ್ತಾರ. ಏನ್ ಹೇಳ್ಲಿ?”

ಏಪ್ರಿಲ್‌ನಲ್ಲಿ ಗುರುಪ್ರಕಾಶರು ಯಾವನೋ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಕೆಳಗೆ ಬೇರೆಯಾಗಿದ್ದ ಬ್ಯಾಟರಿಯ ಇನ್ವರ್ಟರ್‌ನಿಂದ ಒಂದು ತಂತಿ ಎಳೆಸಿ ಮುಖ್ಯ ಬೋರ್ಡಿಗೆ ಕೂಡಿಸಿದರು. ಅಂದಿನಿಂದ ಕರೆಂಟು ಹೋದರೂ ಸೋಲಾರ್ ಇನ್ವರ್ಟರ್ ಬ್ಯಾಟರಿಯನ್ನೇ ಬೀದಿಯ ಕರೆಂಟೆಂದು ನಂಬಿ ದುಡಿಯತೊಡಗಿತು. ಹೊರಗೆ ಹರಿಯುವುದನ್ನು ತಡೆಯಲು ಉಳಿದದ್ದು ಬಾಗಿಲ ಬಳಿಯ ಮೇನ್ ಸ್ವಿಚ್ ಒಂದೇ. ಅದನ್ನು ಇಳಿಸುವ ಹೊಣೆ ದಾಸೋಹ ನೋಡಿಕೊಳ್ಳುವ ಅನ್ನದಾನಯ್ಯನವರದು. ಅರವತ್ತು ದಾಟಿದ ಅವರು ತಮಗೊಂದು ಗುರುತು ಇಟ್ಟುಕೊಂಡಿದ್ದರು: ಎದುರಿನ ದರ್ಜಿಯ ಫ್ಯಾನ್ ನಿಂತರೆ ಕರೆಂಟು ಹೋಗಿದೆ, ಮೇನ್ ಇಳಿಸಬೇಕು.

ನಾನು ಪತ್ರ ಬರೆದೆ. ‘ಈ ಜೋಡಣೆಯಲ್ಲಿ ಅಪಾಯದ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಮರುಪರಿಶೀಲಿಸುವುದು ಒಳ್ಳೆಯದು.’ ಹಿಂದಿ ಆಡುವ ಈ ಊರಿನಲ್ಲಿ ನನ್ನ ಮಗಳು ವಚನಾಳಿಗೆ ನನ್ನ ಬಾಯಿಂದಲ್ಲದೆ ಕನ್ನಡ ಕೇಳಿಸುವ ಜಾಗ ಮಠವೊಂದೇ. ಮನಸ್ಸು ಮುರಿಯಬಾರದೆಂದು ಒಂದೊಂದು ಪದವನ್ನೂ ತೂಗಿದ್ದೆ. ಗುರುಪ್ರಕಾಶರು ಓದಿ, “ಸಾಧ್ಯತೆ ಅಂತ ಬರ್ದೀರಿ. ಖಾತ್ರಿ ಇಲ್ಲ ಅಂದಂಗಾತು” ಎಂದು ನಕ್ಕು ಫೈಲಿಗೆ ಸೇರಿಸಿದರು. ಆ ವಾಕ್ಯಕ್ಕಾಗಿ ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ.

ಜೂನ್ ತಿಂಗಳ ಭಾನುವಾರ, ಮಧ್ಯಾಹ್ನ ಹನ್ನೆರಡೂವರೆ. ನಮ್ಮ ಮನೆಯಿರುವ ಭೇಲೂಪುರದಿಂದ ಆಟೋದಲ್ಲಿ ಬಂದು ವಚನಾಳನ್ನು ಪಂಕ್ತಿಯಲ್ಲಿ ಕೂರಿಸಿದೆ. ಫ್ಯಾನುಗಳು ತಿರುಗುತ್ತಿದ್ದವು. ಕೈ ತೊಳೆಯಲು ಬಾಗಿಲ ಕಡೆ ಬಂದಾಗ ದರ್ಜಿ ಕಟ್ಟೆಯ ಮೇಲೆ ಕೂತು ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ನಾನು ಕೇಳುವ ಮೊದಲೇ ಹೇಳಿದ: ಕಂಬದಲ್ಲಿ ಮಠದ ತಂತಿ ಬೆಳಿಗ್ಗೆಯೇ ಸುಟ್ಟು ಕಳಚಿತ್ತು, ಕಿಡಿ ನೋಡಿ ಲೈನ್‌ಮನ್‌ನನ್ನು ಕರೆಸಿದವನು ತಾನೇ, ಈಗಷ್ಟೇ ಗಲ್ಲಿಯ ಫ್ಯೂಸ್ ತೆಗೆದಿದ್ದಾರೆ.

ಮೇಲೆ ನೋಡಿದೆ. ಲೈನ್‌ಮನ್ ಬುಝಾವನ್ ಕಂಬದ ತುದಿಯಲ್ಲಿದ್ದ. ಬರಿಗೈ. ಮಠದ ಕಡೆಯಿಂದ ಬಂದ ತಂತಿಯ ತುದಿ ಅವನಿಂದ ಒಂದು ಗೇಣು ದೂರದಲ್ಲಿ ಜೋತಾಡುತ್ತಿತ್ತು. ಕಂಬದಿಂದ ಕಳಚಿದ ತಂತಿ. ಅದರಲ್ಲಿ ಏನಿರಲು ಸಾಧ್ಯ ಎಂದು ಯಾವ ಲೈನ್‌ಮನ್ ಆದರೂ ಅಂದುಕೊಳ್ಳುತ್ತಾನೆ. ನನ್ನ ಬೆನ್ನ ಹಿಂದೆ ಫ್ಯಾನುಗಳು ತಿರುಗುತ್ತಲೇ ಇದ್ದವು. ಮೇನ್ ಮೇಲೇ ಇತ್ತು.

“ಬುಝಾವನ್, ತಾರ್ ಮತ್ ಛೂನಾ,” ತಂತಿ ಮುಟ್ಟಬೇಡ ಎಂದು ಕೂಗಿದವಳೇ ಒಳಗೋಡಿ ಎರಡೂ ಕೈಯಿಂದ ಸ್ವಿಚ್ಚನ್ನು ಕೆಳಗೆಳೆದೆ. ಬ್ಯಾಟರಿಯ ಬಲದಲ್ಲಿ ಫ್ಯಾನುಗಳು ತಿರುಗುತ್ತಲೇ ಉಳಿದವು. ನನ್ನ ಕೂಗಿಗೆ ಪಂಕ್ತಿಯಲ್ಲಿ ಗೊಣಗಾಟ ಎದ್ದಿತು.

ಗುರುಪ್ರಕಾಶರು ಬಂದರು. ಅವರ ಹಿಂದೆ ಸಾರಿನ ಸೌಟು ಹಿಡಿದ ಅನ್ನದಾನಯ್ಯ. ಅಷ್ಟರಲ್ಲಿ ಬುಝಾವನ್ ಕೆಳಗಿಳಿದು ಬಾಗಿಲಲ್ಲಿ ನಿಂತು ನಮ್ಮ ಮುಖಗಳನ್ನು ನೋಡುತ್ತಿದ್ದ.

“ಕಾ ಭಇಲ್, ದೀದಿ?” ಏನಾಯಿತೆಂದು ಕೇಳಿದ.

ಗುರುಪ್ರಕಾಶರು ಅವನತ್ತ ಮುಗುಳ್ನಕ್ಕು, ಅದೇ ಮುಖದಲ್ಲಿ ನನಗೆ ಕನ್ನಡದಲ್ಲಿ ಹೇಳಿದರು: “ಅವಂಗೇನೂ ಹೇಳಬ್ಯಾಡ್ರಿ. ಏನೂ ಆಗಿಲ್ಲಲ್ಲ. ಸುಮ್ನ ಆಫೀಸಿಗೆ ಹೋಗಿ ಊದ್ತಾನ. ನಮ್ಮ ನಮ್ಮೊಳಗ ಇರ್ಲಿ.”

ಇಷ್ಟು ವರ್ಷ ನಾವೆಲ್ಲ ಹೀಗೆಯೇ ಮಾಡಿದ್ದೇವೆ. ತರಕಾರಿಯವನ ಮುಂದೆ, ಆಟೋದವನ ಮುಂದೆ, ಅವರಿಗೆ ತಿಳಿಯಬಾರದ್ದನ್ನು ಕನ್ನಡದಲ್ಲಿ ಆಡಿ ನಕ್ಕಿದ್ದೇವೆ. ಸಾಯಬಹುದಾಗಿದ್ದವನ ಎದುರಿಗೂ ಅದೇ ಉಪಾಯ.

ನಾನು ಹಿಂದಿಯಲ್ಲಿ ಹೇಳಿದೆ. ನಿಧಾನವಾಗಿ, ಬುಝಾವನ್‌ನ ಕಡೆ ತಿರುಗಿ. ನೀನು ಹಿಡಿಯಲಿದ್ದ ತಂತಿಯಲ್ಲಿ ಕರೆಂಟಿತ್ತು. ಮಠದ ಸೋಲಾರ್‌ನದು. ಇವರು ಬೇಕೆಂದೇ ಹಾಗೆ ಜೋಡಿಸಿದ್ದಾರೆ. ನನಗೆ ಎರಡು ತಿಂಗಳಿಂದ ಗೊತ್ತಿತ್ತು. ಮುಟ್ಟಿದ್ದರೆ ಸಾಯುತ್ತಿದ್ದೆ.

ಸಾಧ್ಯತೆ ಎಂಬ ಪದವನ್ನು ಬಳಸಲಿಲ್ಲ.

“ನಮ್ಮೋರಾಗಿ ಹಿಂಗ ಮಾಡ್ತೀರೇನ್ರೀ” ಎಂದರು ಗುರುಪ್ರಕಾಶರು.

“ಅವನೂ ಯಾರಿಗೋ ನಮ್ಮವನೇ,” ಎಂದೆ. “ನಾಳೆ ವಿದ್ಯುತ್ ಕಚೇರಿಗೂ ಬರೆದು ಕೊಡುತ್ತೇನೆ.”

ಬುಝಾವನ್ ತನ್ನ ಬಲಗೈಯನ್ನು ಅಂಗಿಗೆ ಒರೆಸಿಕೊಂಡ. “ಕವನ್ ತಾರ್ ಹ?” ಯಾವ ತಂತಿ ಎಂದಷ್ಟೇ ಕೇಳಿದ. ಬ್ಯಾಟರಿಯಿಂದ ಬೋರ್ಡಿಗೆ ಎಳೆದಿದ್ದನ್ನು ತೋರಿಸಿದೆ. ಗುರುಪ್ರಕಾಶರು ಬೋರ್ಡಿಗೆ ಅಡ್ಡ ನಿಂತರು.

“ಬಾಜೂಕ ಸರೀರಿ,” ಎಂದರು ಅನ್ನದಾನಯ್ಯ. “ಮುಂಜಾನಿಂದ ದರ್ಜಿ ಫ್ಯಾನ್ ನೋಡ್ಕೊಂತ ಕುಂತಿದ್ದೆ. ತಿರಗಾಕ ಹತ್ತಿತ್ತು. ನಮ್ಮ ತಂತಿ ಅಷ್ಟ ಹರಿದಿದ್ದು ನನಗ ಹ್ಯಾಂಗ ಗೊತ್ತಾಗಬೇಕು? ಬಡಿಸೋ ಹೊತ್ನ್ಯಾಗ ಒಂದು ಜೀವ ಹೋಗಿದ್ರ ನನ್ನ ಕೈಲೇ ಹೋಗತಿತ್ತು.” ಸೌಟಿದ್ದ ಕೈಯಿಂದಲೇ ವ್ಯವಸ್ಥಾಪಕರನ್ನು ಪಕ್ಕಕ್ಕೆ ಸರಿಸಿದರು.

ನಾನು ಬ್ಯಾಟರಿ ಆರಿಸಿ ತಲೆಯಾಡಿಸಿದೆ. ಬುಝಾವನ್ ಆ ತಂತಿಯನ್ನು ಎರಡು ಕಡೆ ಕತ್ತರಿಸಿ, ತುಂಡನ್ನು ಹೆಗಲಿಗೆ ಹಾಕಿಕೊಂಡ. ಮತ್ತೆ ಕಂಬ ಹತ್ತುವ ಮೊದಲು ನನ್ನತ್ತ ತಿರುಗಿದ. ಧನ್ಯವಾದ ಹೇಳಲಿಲ್ಲ. ಎರಡು ತಿಂಗಳು ಎಂದದ್ದು ಅವನಿಗೆ ಕೇಳಿಸಿತ್ತು.

“ಇಹಾಂ ಸೇ ಹಟಿಹಾ ಮತ್,” ಎಂದ. ಇಲ್ಲಿಂದ ಕದಲಬೇಡ.

ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತೆ. ಊಟ ಮುಗಿಸಿದವರು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ವಚನಾ ಬಂದು, ಮನೆಗೆ ಹೋಗೋಣವೇ ಎಂದು ಸೆರಗು ಎಳೆದಳು. “ಮಮ್ಮಾ, ಘರ್ ಚಲೇಂ?”

“ಇಲ್ಲ,” ಎಂದೆ. “ಅವನು ಇಳಿಯಲಿ.”