ಟ್ಯಾಂಕಿಲ್ಲದ ಅರಮನೆ

ನಾನೊಂದು ಗಾಡಿ. ಬರೀ ಗಾಡಿ ಎಂದರೆ ನನ್ನನ್ನು ಮಾಡಿಸಿದವನು ಮುಖ ಗಂಟು ಹಾಕಿಕೊಳ್ಳುತ್ತಿದ್ದ. "ಕ್ಯಾರವಾನ್ ಅನ್ರೀ" ಎಂದು ತಿದ್ದುತ್ತಿದ್ದ. ಬಸ್ಸಿನ ಚಾಸಿಯ ಮೇಲೆ ಒಂದು ಶ್ರೀಮಂತರ ಮನೆ ಕೂರಿಸಿದರೆ ಏನಾಗುತ್ತದೋ ಅದು ನಾನು. ಒಳಗೆ ಮಲಗುವ ಕೋಣೆ, ಚರ್ಮದ ಸೋಫಾ, ಅಡುಗೆ ಕಟ್ಟೆ, ಫ್ರಿಜ್ಜು, ಗೋಡೆ ತುಂಬ ಟಿವಿ. ಹಿಂಭಾಗದ ಎಡಮೂಲೆಯಲ್ಲಿ ಒಂದು ಕಿರುಬಾಗಿಲು, ಅದರ ಹಿಂದೆ ಬಿಳಿ ಕಮೋಡು, ಚಿನ್ನದ ಬಣ್ಣದ ನಲ್ಲಿ. ನನಗೆ ಮನುಷ್ಯರ ಮೇಲೆ ಅಂಥ ಪ್ರೀತಿಯೇನೂ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ.

ನಾನು ಹುಟ್ಟಿದ್ದು ಬೆಂಗಳೂರಿನ ಹೊರಗಿನ ಒಂದು ಬಾಡಿ ಕಟ್ಟುವ ಶೆಡ್ಡಿನಲ್ಲಿ. ಮಾಡಿಸಿದವನು ಕಲ್ಲು ಕ್ವಾರಿಗಳ ಧಣಿ ಚಂದ್ರಮೌಳಿ. ಕಮೋಡು ಕೂರಿಸುವ ದಿನ ಆತ ತಾಯಿಯನ್ನು ಕರೆದುಕೊಂಡು ಬಂದ. ಆ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅನ್ನ ಬೇಯೋ ಜಾಗದ ಪಕ್ಕದಲ್ಲಿ ಇದನ್ನ ಇಡ್ತೀಯೇನೋ?" ಎಂದು ಗದರಿದಳು. ಧಣಿ ನಕ್ಕು ಮೇಸ್ತ್ರಿಗೆ ಹೇಳಿದ: "ನೋಡೋಕೆ ಇರ್ಲಿ ಕಣಯ್ಯ. ಉಪಯೋಗ್ಸೋರು ಯಾರು? ದಾರೀಲಿ ಮರ ಇಲ್ವಾ?" ಮೇಸ್ತ್ರಿ ತಲೆ ಕೆರೆದುಕೊಂಡು, ಕೆಳಗೆ ಕೂರಿಸಬೇಕಾದ ಕೊಳಕು ನೀರಿನ ಟ್ಯಾಂಕನ್ನು ಕೈಬಿಟ್ಟ. ಕಮೋಡಿನ ಪೈಪು ನೆಲಹಾಸಿನ ಕೆಳಗೆ ಒಂದು ಗೇಣು ಇಳಿದು ಅಲ್ಲಿಗೇ ಮುಗಿಯಿತು. ಮೇಲೆ ಅರಮನೆ, ಕೆಳಗೆ ಬರೀ ಗಾಳಿ. ಹುಟ್ಟುವಾಗಲೇ ನನ್ನ ಹೊಟ್ಟೆಯಲ್ಲಿ ಒಂದು ಸುಳ್ಳನ್ನು ಇಟ್ಟು ಹೊಲಿದರು.

ಚಂದ್ರಮೌಳಿ ನನ್ನನ್ನು ಐದು ವರ್ಷ ಮೆರೆಸಿದ. ಮದುವೆ ಮನೆಗಳ ಮುಂದೆ ನಿಲ್ಲಿಸಿ, ಬಂದವರಿಗೆಲ್ಲ ಕಿರುಬಾಗಿಲು ತೆಗೆದು ತೋರಿಸಿ ಮತ್ತೆ ಮುಚ್ಚುತ್ತಿದ್ದ. ಅವನೂ ಅವನ ಗೆಳೆಯರೂ ದಾರಿಯಲ್ಲಿ ಬೇಲಿ ಕಂಡಲ್ಲಿ ಇಳಿಯುತ್ತಿದ್ದರು. ಅವನ ಹೆಂಡತಿ ಮಾತ್ರ ಇಳಿಯುತ್ತಿರಲಿಲ್ಲ. ತುಟಿ ಕಚ್ಚಿಕೊಂಡು ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದಳು. ಆಮೇಲೆ ನನ್ನನ್ನು ಸಿನಿಮಾದವರಿಗೆ ಬಾಡಿಗೆಗೆ ಕೊಡುವವನೊಬ್ಬ ಕೊಂಡ. ಅಲ್ಲಿ ಕಮೋಡಿನ ಮುಚ್ಚಳದ ಮೇಲೆ ವಿಗ್ಗಿನ ಡಬ್ಬಿಗಳು ಕೂತವು. ಏಳು ವರ್ಷ ನಾನು ಬಿಸಿಲಲ್ಲಿ ನಿಂತು, ನಟರು ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಆಡಿಕೊಳ್ಳುವುದನ್ನು ಕೇಳಿಸಿಕೊಂಡೆ. ಸೋಫಾ ಹರಿಯಿತು, ಛಾವಣಿ ಸೋರಿತು. ಕೊನೆಗೆ ಬಿಡದಿಯ ಹತ್ತಿರ ಹಳೇ ಗಾಡಿ ಮಾರುವ ಲೋಹಿತ್ ಎಂಬವನ ಕೈಗೆ ಬಿದ್ದೆ.

ಲೋಹಿತ್ ನಯವಂಚಕ. ಸೋರಿದ ಕಡೆ ಬಣ್ಣ ಬಳಿದ, ಮುಗ್ಗಲು ವಾಸನೆ ಬರುವ ಕಡೆ ಮಲ್ಲಿಗೆ ಸೆಂಟು ಹೊಡೆದ. ನನ್ನ ಹೊಟ್ಟೆಯ ಕೆಳಗೆ ಮಲಗಿ ಟಾರ್ಚು ಹಾಕಿ ನೋಡಿದಾಗ ಅವನಿಗೆ ಎಲ್ಲ ಗೊತ್ತಾಯಿತು. ಎದ್ದು ಬಟ್ಟೆ ಕೊಡವಿಕೊಂಡು ಸುಮ್ಮನಾದ.

ಅಲ್ಲಿಗೆ ನನ್ನನ್ನು ನೋಡಲು ತಿಪಟೂರಿನಿಂದ ಮೂವರು ಬಂದರು. ಕೊಬ್ಬರಿ ಮಂಡಿಯ ಪರಮಶಿವಯ್ಯ, ಅವನ ಹೆಂಡತಿ ಸರ್ವಮಂಗಳಮ್ಮ, ಗಾಡಿ ಓಡಿಸಲು ಒಪ್ಪಿ ಜೊತೆಗೆ ಬಂದ, ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಬೋರೇಗೌಡರು. ಪರಮಶಿವಯ್ಯನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ, ಓದುವವರು ಕ್ಷಮಿಸಬೇಕು. ಸರ್ವಮಂಗಳಮ್ಮ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ನನ್ನನ್ನು ಕೊಳ್ಳುವ ದುಡ್ಡೂ ಅವರದೇ. ಆದರೆ ಮಾತೆಲ್ಲ ಗಂಡನದು.

"ಇಂಥಾ ಗಾಡಿ ನಾವು ತಗೋತಿರೋದು ಇದೇ ಮೊದ್ಲು" ಎಂದ ಪರಮಶಿವಯ್ಯ. ಲೋಹಿತನ ಕಣ್ಣು ಅರಳಿತು. ಹಾಗೆ ಹೇಳುವ ಗಿರಾಕಿ ವರ್ಷಕ್ಕೊಬ್ಬ ಸಿಗುವುದೂ ಕಷ್ಟ.

"ಯಾಕೆ ಯಜಮಾನ್ರೇ, ಪ್ರವಾಸ ಜಾಸ್ತಿ ಮಾಡ್ತೀರಾ?"

"ನಾನೆಲ್ಲಿ ಮಾಡ್ತೀನಿ! ಇವಳ ಕಾಟ. ಆಪರೇಶನ್ ಆದ್ಮೇಲೆ ಮುಕ್ಕಾಲು ಗಂಟೆ ತಡ್ಕೊಳ್ಳೋಕಾಗಲ್ಲ. ಎಂಟು ವರ್ಷದ ಹಿಂದೆ ಹಾಸನದ ಬಸ್ಸಲ್ಲಿ ಸೀಟ್ ಮೇಲೇ ಮಾಡ್ಕೊಂಡ್ಲು ಕಣ್ರೀ, ಹೆಡ್‌ಮಿಸ್ಸು!" ಎಂದು ತೊಡೆ ತಟ್ಟಿಕೊಂಡು ನಕ್ಕ. ಈ ಕತೆಯನ್ನು ಅವನು ಬಹಳ ಸಲ ಹೇಳಿದ್ದಾನೆ ಎಂದು ನಗು ಬರುವ ಜಾಗದಲ್ಲೇ ಗೊತ್ತಾಗುತ್ತಿತ್ತು. "ಅವತ್ತಿಂದ ಊರು ಬಿಟ್ಟು ಹೋಗಿಲ್ಲ. ಸೋಮವಾರಪೇಟೇಲಿ ಇವಳ ಅಕ್ಕ ಇದಾಳೆ, ಅಲ್ಲಿಗೂ ಇಲ್ಲ. ಭಾವ ಸತ್ತಾಗ್ಲೂ ಹೋಗ್ಲಿಲ್ಲ."

ಸರ್ವಮಂಗಳಮ್ಮ ಮೂರು ಮಾರು ದೂರದಲ್ಲೇ ನಿಂತಿದ್ದರು. ಕೇಳಿಸಲಿಲ್ಲ ಎಂಬಂತೆ ನನ್ನ ಚಕ್ರದ ನಟ್ಟುಗಳನ್ನು ನೋಡುತ್ತಿದ್ದರು. ಆ ಕ್ಷಣ ನನಗೆ ಬ್ರೇಕು ಬಿಟ್ಟು ಹೋಗಿ ಅವನ ಮೇಲೆ ಹರಿದುಬಿಡಬೇಕು ಅನ್ನಿಸಿತು.

ಆಮೇಲೆ ತಪಾಸಣೆ ಶುರುವಾಯಿತು. ಬೋರೇಗೌಡರು ಎಂಜಿನ್ನು, ಗೇರು, ಟೈರು ನೋಡಿ, "ಎಂಜಿನ್ ಗಟ್ಟಿ ಐತೆ" ಎಂದರು. ಪರಮಶಿವಯ್ಯ ಮೊಬೈಲಿನಲ್ಲಿ ದಿಕ್ಸೂಚಿ ಹಾಕಿಕೊಂಡು ಒಳಗೆ ಬಂದ. ನಾನು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದೆ. ಹಿಂಭಾಗದ ಎಡಮೂಲೆಗೆ ಹೋದವನೇ ಹಾವು ತುಳಿದವನಂತೆ ಹಾರಿದ.

"ಅಯ್ಯಯ್ಯೋ! ಕಕ್ಕಸು ಈಶಾನ್ಯಕ್ಕೆ ಬಿದ್ದಿದೆ! ದೇವಮೂಲೆ ಕಣ್ರೀ! ಮನೆ ಉದ್ಧಾರ ಆಗುತ್ತಾ?"

ಲೋಹಿತ್ ಒಂದು ಗಳಿಗೆಯೂ ತಡಮಾಡಲಿಲ್ಲ. "ಅದಕ್ಕೇನು ಸಾರ್, ತಿರುಗ್ಸೋಣ" ಎಂದು ಸ್ಟೇರಿಂಗ್ ಹಿಡಿದ. ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ. ಆ ಇಕ್ಕಟ್ಟು ಅಂಗಳದಲ್ಲಿ ನನ್ನನ್ನು ಪೂರ್ವಕ್ಕೆ ತಿರುಗಿಸಲು ಒಂದು ಗಂಟೆ ಹಿಡಿಯಿತು. ಪರಮಶಿವಯ್ಯ ಮತ್ತೆ ನೋಡಿ, "ಈಗ ವಾಯವ್ಯ, ಸರಿಹೋಯ್ತು" ಎಂದು ಬೆವರು ಒರೆಸಿಕೊಂಡ.

"ರೋಡಲ್ಲಿ ಹೋಗ್ತಾ ಗಾಡಿ ತಿರುಗ್ತಾನೇ ಇರ್ತದಲ್ಲ ಸ್ವಾಮಿ?" ಎಂದು ಬೋರೇಗೌಡರು ಕೇಳಿದರು.

"ಓಡೋವಾಗ ದೋಷ ಇಲ್ಲ. ನಿಂತಾಗ ಮಾತ್ರ" ಎಂದು ಪರಮಶಿವಯ್ಯ ಅಲ್ಲೇ ಶಾಸ್ತ್ರ ಬರೆದ.

ಇಷ್ಟು ಹೊತ್ತೂ ಸರ್ವಮಂಗಳಮ್ಮ ಒಂದೇ ಪ್ರಶ್ನೆ ಹಿಡಿದುಕೊಂಡಿದ್ದರು. ಗಂಡಸರ ಮುಂದೆ ಅದು ಬಾಯಿಗೆ ಬರಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ, "ಅದು... ಒಳಗಿರೋದು... ಸರಿಯಾಗಿ ಇದೆಯೇನಪ್ಪಾ?" ಎಂದರು. ಲೋಹಿತ್ ಚಿನ್ನದ ಬಣ್ಣದ ನಲ್ಲಿ ತಿರುಗಿಸಿದ. ಛಾವಣಿಯ ಟ್ಯಾಂಕಿನಿಂದ ನೀರು ಜೋರಾಗಿ ಬಂತು. "ಫೈವ್ ಸ್ಟಾರ್ ಅಮ್ಮಾ, ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದ. ಕಮೋಡಿಗೆ ಒಂದು ಚೊಂಬು ನೀರು ಹಾಕಿ, ಬಗ್ಗಿ ಕೆಳಗೆ ನೋಡಿದ್ದರೆ ಸಾಕಿತ್ತು. ಒಂದು ಗಂಟೆ ದಿಕ್ಕು ನೋಡಿದ ಜನ ಒಂದು ನಿಮಿಷ ಬಗ್ಗಲಿಲ್ಲ. ನನಗೆ ಬಾಯಿ ಇದ್ದಿದ್ದರೆ ಕೂಗಿ ಹೇಳುತ್ತಿದ್ದೆ.

ಸರ್ವಮಂಗಳಮ್ಮ ಸಹಿ ಹಾಕಿ ಹೊರಬಂದು, ಯಾರೂ ನೋಡದಾಗ ನನ್ನ ಬಾಗಿಲ ಮೇಲೆ ಕೈಯಿಟ್ಟರು. ಅಂಗೈ ಬೆಚ್ಚಗಿತ್ತು. ಅಷ್ಟು ಆಸೆಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಅವರು ಸುಳ್ಳಿನ ಮೇಲೆ ಕೈಯಿಟ್ಟಿದ್ದಾರೆ ಎಂದು ಗೊತ್ತಿದ್ದವನು ನಾನೊಬ್ಬನೇ, ಆ ಲೋಹಿತನನ್ನು ಬಿಟ್ಟರೆ.

ಮುಂದಿನ ಸೋಮವಾರ ನಿಂಬೆಹಣ್ಣು ತುಳಿಸಿ ಸೋಮವಾರಪೇಟೆಗೆ ಹೊರಡಿಸಿದರು. ಅರಸೀಕೆರೆ ದಾಟಿದ ಮೇಲೆ ಸರ್ವಮಂಗಳಮ್ಮ ಎದ್ದು ಕಿರುಬಾಗಿಲೊಳಗೆ ಹೋದರು. ಎಂಟು ವರ್ಷದಲ್ಲಿ ಮೊದಲ ಸಲ, ಓಡುವ ಗಾಡಿಯಲ್ಲಿ, ಯಾರ ಮುಂದೂ ಕೈಮುಗಿಯದೆ. ಹೊರಬಂದಾಗ ಅವರ ಮುಖ ಹಗುರಾಗಿತ್ತು. ಅಷ್ಟರಲ್ಲಿ ಹಿಂದಿನಿಂದ ಒಂದು ಬೈಕು ಹಾರ್ನು ಹೊಡೆಯುತ್ತ ಬಂದು ನನ್ನನ್ನು ಅಡ್ಡಗಟ್ಟಿತು.

ಬೈಕಿನವನ ಶರಟು, ಮುಖ, ಕನ್ನಡಕ ಎಲ್ಲ ಒದ್ದೆಯಾಗಿತ್ತು. "ಏನ್ರೀ ಇದು? ದುಡ್ಡಿದ್ರೆ ಜನರ ಮೇಲೆ ಉಚ್ಚೆ ಹುಯ್ಕೊಂಡ್ ಓಡಾಡ್ತೀರಾ?" ಎಂದು ಅವನು ಕಿರುಚಿದ. ರಸ್ತೆ ಪಕ್ಕದ ಟೀ ಅಂಗಡಿಯಿಂದ ಜನ ಎದ್ದು ಬಂದರು. ಬೋರೇಗೌಡರು ಕೆಳಗೆ ತೂರಿ ನೋಡಿ, "ಟ್ಯಾಂಕೇ ಇಲ್ಲ ಸ್ವಾಮಿ, ಮೋಸ ಮಾಡವ್ನೆ" ಎಂದರು. ಪರಮಶಿವಯ್ಯ ಮೋಸ ಮಾಡಿದವನನ್ನು ಬೈಯಲಿಲ್ಲ. ಅಷ್ಟು ಜನರ ಮುಂದೆ ಹೆಂಡತಿಯ ಕಡೆ ತಿರುಗಿದ.

"ನಿನ್ನ ಒಂದು ಉಚ್ಚೆಗೆ ಇಡೀ ಮಾನ ಹರಾಜಾಯ್ತಲ್ಲೇ! ನಾಲ್ಕು ಗಂಟೆ ಬಿಗಿಹಿಡ್ಕೊಂಡು ಕೂರೋಕಾಗಲ್ವಾ? ಬೇರೆ ಹೆಂಗಸ್ರು ಹೆಂಗೆ ಇರ್ತಾರೆ?"

ಯಾರೋ ಕಿಸಕ್ಕೆಂದರು. ಸರ್ವಮಂಗಳಮ್ಮ ನನ್ನೊಳಗೆ ಬಂದು ಚರ್ಮದ ಸೋಫಾದ ಮೇಲೆ ಕೂತರು. ಅಲ್ಲಿಂದ ನಾವು ಹಿಂದಕ್ಕೆ ತಿರುಗಿದೆವು.

ತಿಪಟೂರಿಗೆ ಬಂದ ಮೇಲೆ ಅವನು ಕಿರುಬಾಗಿಲಿಗೆ ಬೀಗ ಜಡಿದ. ನನ್ನನ್ನು ಮಾರುತ್ತೇನೆಂದು ಬೋರ್ಡು ಬರೆಸಿದ. "ಟಾಯ್ಲೆಟ್ ಸೌಕರ್ಯವುಳ್ಳ" ಎಂದು ಅದರಲ್ಲಿ ಬರೆಸಲು ಮರೆಯಲಿಲ್ಲ. ನಾಚಿಕೆ ಅನ್ನುವುದು ಆ ಮನೆಯಲ್ಲಿ ಒಬ್ಬರ ಪಾಲಿಗೇ ಬಂದಿತ್ತು.

ಹದಿನೈದು ದಿನದ ನಂತರ, ಆತ ಮಂಡಿಗೆ ಹೋಗಿದ್ದಾಗ, ಸರ್ವಮಂಗಳಮ್ಮ ಬೋರೇಗೌಡರನ್ನು ಕರೆಸಿದರು. ಕಲ್ಲು ತಗೊಂಡು ತಾವೇ ಬೀಗ ಒಡೆದರು. ನನ್ನನ್ನು ಹೊಸಹಳ್ಳಿ ರಸ್ತೆಯ ಒಂದು ವೆಲ್ಡಿಂಗ್ ಶೆಡ್ಡಿಗೆ ಒಯ್ದರು. ಅಲ್ಲಿಯ ಬಸವರಾಜು ಅವರ ಹಳೆಯ ವಿದ್ಯಾರ್ಥಿ, ಈಗ ತಲೆ ನೆರೆತವನು. ಅವನು ಎದ್ದು ಕೈಕಟ್ಟಿ ನಿಂತ. ಅಲ್ಲಿ ಇನ್ನೂ ನಾಲ್ಕೈದು ಗಂಡಸರಿದ್ದರು.

"ಬಸವರಾಜು," ಎಂದರು ಸರ್ವಮಂಗಳಮ್ಮ, ತರಗತಿಯ ಕೊನೇ ಬೆಂಚಿಗೂ ಕೇಳುವ ದನಿಯಲ್ಲಿ. "ನನಗೆ ಮುಕ್ಕಾಲು ಗಂಟೆಗೊಂದ್ಸಲ ಉಚ್ಚೆಗೆ ಹೋಗಬೇಕು. ಅದು ಬೀಳೋಕೆ ಒಂದು ಟ್ಯಾಂಕು ಬೇಕು. ಸೋರಬಾರದು. ಮಾಡ್ತೀಯಾ?"

ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ಬಸವರಾಜು, "ಮಾಡ್ತೀನಿ ಮಿಸ್" ಎಂದ.

ಟ್ಯಾಂಕು ಕೂತ ಮೇಲೆ ಮನೆಯಿಂದ ಸೋಮವಾರಪೇಟೆಗೆ ಹೊರಡುವಾಗ ಪರಮಶಿವಯ್ಯ ಗೇಟಿಗೆ ಅಡ್ಡ ನಿಂತ. "ಒಬ್ಬಳೇ ಹೋದ್ರೆ ಮತ್ತೆ ಈ ಮನೆಗೆ ಬರಬೇಡ" ಎಂದ. ಸರ್ವಮಂಗಳಮ್ಮ ಕಿಟಕಿಯಿಂದ ಅವನನ್ನು ನೋಡಿ, "ಸರಿ" ಎಂದರು. ಬೋರೇಗೌಡರು ಎಂಜಿನ್ನಿಗೆ ಕಿವಿಗಡಚಿಕ್ಕುವಷ್ಟು ಆಕ್ಸಿಲರೇಟರ್ ಕೊಟ್ಟರು. ಅಡ್ಡ ನಿಂತವನು ತಾನಾಗಿ ಸರಿದ. ಆ ದಿನ ಹೊಗೆ ಕಕ್ಕಿದ್ದು ನನಗೆ ಹಿತವಾಗಿತ್ತು.

ದಾರಿಯಲ್ಲಿ ಸರ್ವಮಂಗಳಮ್ಮ ಇಡೀ ಬಾಟಲಿ ನೀರು ಕುಡಿದರು. ಪ್ರಯಾಣದ ದಿನ ನೀರು ಮುಟ್ಟದೆ ಎಷ್ಟು ವರ್ಷವಾಗಿತ್ತೋ. ಹಾಸನ ಕಳೆದ ಮೇಲೆ ಬೋರೇಗೌಡರು, ರಸ್ತೆಯಿಂದ ಕಣ್ಣು ತೆಗೆಯದೆ, "ಅಮ್ಮಾ, ನಾನೂ ಸರ್ವೀಸಲ್ಲಿದ್ದಾಗ ಎಷ್ಟೋ ಹೆಣ್ಮಕ್ಕಳು ನಿಲ್ಸಪ್ಪಾ ಅಂತ ಕೇಳೋರು. ಟೈಮಿಲ್ಲ ಅಂತ ನಿಲ್ಲಿಸ್ತಿರ್ಲಿಲ್ಲ" ಎಂದರು. ಸರ್ವಮಂಗಳಮ್ಮ ಪರವಾಗಿಲ್ಲ ಎನ್ನಲಿಲ್ಲ. ಅವರು ಹಾಗೆನ್ನದೆ ಇದ್ದದ್ದು ನನಗೆ ಮೆಚ್ಚುಗೆಯಾಯಿತು.

ಸೋಮವಾರಪೇಟೆಯ ಹೊರಗಿನ ಆ ಹೆಂಚಿನ ಮನೆಯ ಮುಂದೆ ನಿಂತಾಗ ಅಕ್ಕ ನೀಲಾಂಬಿಕೆ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ತಂಗಿಯನ್ನು ಕಂಡು ಏಳಲಿಲ್ಲ.

"ದೊಡ್ಡ ಗಾಡೀಲಿ ಬಂದಿದೀಯ. ನಿನ್ನ ಭಾವನ ಹೆಣ ಅಂಗಳದಲ್ಲಿದ್ದಾಗ ಸಣ್ಣ ಗಾಡಿನೂ ಸಿಗಲಿಲ್ವೇನೇ?"

"ಅಕ್ಕಾ..."

"ಅಮ್ಮನ ಕಿವಿಯೋಲೆ ನನಗೆ ಬಂತು ಅಂತ ಹೊಟ್ಟೆಕಿಚ್ಚು ನಿನಗೆ. ಎಂಟು ವರ್ಷ ಹಗೆ ಸಾಧಿಸ್ದೆ. ಈಗ ಏನು ನೋಡೋಕೆ ಬಂದೆ? ನಾನು ಸತ್ತಿದೀನಾ ಇಲ್ವಾ ಅಂತಲಾ?"

ಸರ್ವಮಂಗಳಮ್ಮ ಮೆಟ್ಟಿಲ ಕೆಳಗೆ ನಿಂತು ಎಲ್ಲವನ್ನೂ ಹೇಳಿದರು. ಬಸ್ಸು, ಒದ್ದೆಯಾದ ಸೀರೆ, ಗಂಡ ಮದುವೆ ಮನೆಗಳಲ್ಲಿ ಅದನ್ನು ಹೇಳಿ ನಗಿಸಿದ್ದು, ಭಾವ ಹೋದ ದಿನ ಎರಡು ಸಲ ಬಸ್‌ಸ್ಟ್ಯಾಂಡಿಗೆ ಹೋಗಿ ವಾಪಸು ಬಂದದ್ದು. ನೀಲಾಂಬಿಕೆಯ ಕೈಯಲ್ಲಿ ಅವರೆಕಾಯಿ ಹಾಗೇ ಉಳಿಯಿತು.

"ಫೋನಲ್ಲಿ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ ಅಕ್ಕಾ, ನಾಚಿಕೆ."

"ನಾನೂ ತಿಪಟೂರಿಗೆ ಬರ್ಲಿಲ್ಲ ಅಲ್ವಾ. ಯಾಕೆ ಅಂದ್ಕೊಂಡೆ?"

"ನಿನ್ನ ದೊಡ್ಡಸ್ತಿಕೆ ಅಂದ್ಕೊಂಡೆ."

ನೀಲಾಂಬಿಕೆ ಮೊರ ಪಕ್ಕಕ್ಕಿಟ್ಟರು. "ನಾಲ್ಕನೇ ಹೆರಿಗೆ ಆದಾಗಿಂದ ನನಗೂ ನಿಲ್ಲಲ್ಲ ಕಣೇ. ಇಲ್ಲೇ ಸಂತೆಗೆ ಹೋಗೋದಾದ್ರೂ ಹಿಂದಿನ ದಿನದಿಂದ ನೀರು ಕುಡಿಯಲ್ಲ" ಎಂದರು. ಆಮೇಲೆ ಇಬ್ಬರೂ ಅತ್ತರು. ಅದು ಸಮಾಧಾನದ ಅಳುವಲ್ಲ. ಎಂಟು ವರ್ಷ ಕದ್ದ ಕಳ್ಳ ಯಾರೆಂದು ಗೊತ್ತಾದ ಮೇಲೆ ಬರುವ ಸಿಟ್ಟಿನ ಅಳು. ಅತ್ತು ಮುಗಿದ ಮೇಲೆ ನೀಲಾಂಬಿಕೆ ಮುಖ ಒರೆಸಿಕೊಂಡು, ನೆರಿಗೆ ಎತ್ತಿ ಹಿಡಿದು, ನನ್ನ ಮೆಟ್ಟಿಲು ಹತ್ತಿದರು. ಸೋಫಾ ನೋಡಲಿಲ್ಲ, ಟಿವಿ ನೋಡಲಿಲ್ಲ, ನೇರ ಕಿರುಬಾಗಿಲಿಗೆ ಹೋದರು. ಹೊರಬಂದು, "ನಡಿ, ಎಲ್ಲಿಗಾದ್ರೂ ಹೋಗೋಣ" ಎಂದರು.

ಹೋದೆವು. ಶೃಂಗೇರಿ, ಬೇಲೂರು, ಮಲ್ಪೆಯ ಸಮುದ್ರ. ನೀಲಾಂಬಿಕೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಕಡಲು ನೋಡಿ, "ಇಷ್ಟೊಂದು ನೀರಾ" ಎಂದು ಬೈದಂತೆ ಹೇಳಿದರು. ಹನ್ನೊಂದು ತಿಂಗಳು ಹಾಗೆ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ನೀಲಾಂಬಿಕೆಯ ಎದೆಬಡಿತ ನಿಂತಿತು.

ಈಗ ನಾನು ಅದೇ ಹೆಂಚಿನ ಮನೆಯ ಹಿತ್ತಿಲಲ್ಲಿದ್ದೇನೆ. ಟೈರು ಮಣ್ಣಲ್ಲಿ ಹೂತಿವೆ, ಕೋಳಿಗಳು ನನ್ನ ಕೆಳಗೆ ಮೊಟ್ಟೆ ಇಡುತ್ತವೆ. ಸರ್ವಮಂಗಳಮ್ಮ ತಿಪಟೂರಿಗೆ ಮರಳಲಿಲ್ಲ. ಸಂಜೆ ನನ್ನ ಮೆಟ್ಟಿಲ ಮೇಲೆ ಒಬ್ಬರೇ ಕೂರುತ್ತಾರೆ. ವಯಸ್ಸಾದ ಮೇಲೆ ಎಲ್ಲರನ್ನೂ ಕ್ಷಮಿಸಬೇಕಂತೆ. ನನ್ನಿಂದಾಗುವುದಿಲ್ಲ. ಅಕ್ಕತಂಗಿಯರ ಎಂಟು ವರ್ಷ ಹೋಯಿತು, ಒಬ್ಬರ ಗಂಡನ ಸಾವಿನ ಮನೆಯಲ್ಲಿ ಇನ್ನೊಬ್ಬರ ಹೆಗಲು ಇಲ್ಲದೆ ಹೋಯಿತು. ಬೆಳಿಗ್ಗೆ ಕೆಲಸ ಹಿಡಿದ ಬಸವರಾಜು ನನ್ನ ಕೆಳಗೆ ಮಲಗಿ ಆ ಟ್ಯಾಂಕು ಕೂರಿಸಿ ಎದ್ದಾಗ ಇನ್ನೂ ಮಧ್ಯಾಹ್ನದ ಊಟದ ಹೊತ್ತೂ ಆಗಿರಲಿಲ್ಲ.