ಏಡಿಗೆ ಬಿಟ್ಟ ಅರ್ಧ ಇಂಚು

ಟೈಲರಮ್ಮನ ಮನೆಯ ಗೋಡೆಯ ಮೇಲೆ ಮೂರು ಸರ್ಟಿಫಿಕೇಟುಗಳಿದ್ದವು. ಮೊದಲನೆಯದು ಗಂಡನದು. ಇಪ್ಪತ್ತಾರು ವರ್ಷ ಅಂಚೆಯಣ್ಣನಾಗಿ ಒಂದು ಕಾಗದವನ್ನೂ ಕಳೆಯದೆ ಹಂಚಿದ್ದಕ್ಕೆ ಇಲಾಖೆ ಕೊಟ್ಟದ್ದು. ಎರಡನೆಯದು ಮಗಳದು, ಹಲ್ಲಿನ ಡಾಕ್ಟರಾದದ್ದಕ್ಕೆ. ಮೂರನೆಯದು ನಾಯಿಯದು. ಹೇಳಿದ ಮಾತು ಕೇಳುವ ನಾಯಿ ಎಂದು ಯಾವುದೋ ತರಬೇತಿ ಶಾಲೆಯವರು ಮೊಹರು ಒತ್ತಿ ಕೊಟ್ಟಿದ್ದರು. ಅಂದಿನಿಂದ ಇಂದಿನವರೆಗೆ ಅದು ಯಾರ ಮಾತನ್ನೂ ಕೇಳಿದ್ದಿಲ್ಲ, ಆ ಮಾತು ಬೇರೆ.

ಟೈಲರಮ್ಮ ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿ ಹೊಲಿಗೆ ಮಿಷನ್ನಿನ ಮುಂದೆ ಕೂತವಳು. ಊರಿನ ಅರ್ಧ ಜನರ ಎದೆಸುತ್ತು, ತೋಳುದ್ದ ಅವಳಿಗೆ ಬಾಯಿಪಾಠ. ಆದರೆ ಇಂಥವಳಿಗೆ ಇಂಥದ್ದು ಬರುತ್ತದೆ ಎಂದು ಯಾರೂ ಒಂದು ಚೀಟಿಯನ್ನೂ ಬರೆದುಕೊಟ್ಟಿರಲಿಲ್ಲ. ಗೋಡೆಯ ಧೂಳು ಹೊಡೆಯುವಾಗಲೆಲ್ಲ, ನಾನು ಈ ನಾಯಿಗಿಂತ ಕಡೆಯೇ ಎಂದು ಅವಳಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ನಾಯಿ ಅದೇ ಹೊತ್ತಿಗೆ ಬಂದು ಬಾಲ ಆಡಿಸುತ್ತಿತ್ತು, ಬೇಕೆಂದೇ.

ಮೂರು ವರ್ಷದ ಹಿಂದೆ ಕಡಲ ಕಲಿಕಾ ಕೇಂದ್ರಕ್ಕೆ ಪರದೆ ಹೊಲಿದುಕೊಡಲು ಹೋದವಳು ಅಲ್ಲೇ ಅಂಟಿಕೊಂಡಳು. ಅಂದು ಕೇಂದ್ರದ ಮೇಡಂ ತುಕ್ಕು ಹಿಡಿದ ಅಳತೆಕಡ್ಡಿ ಹಿಡಿದುಕೊಂಡು ಒಂದು ಏಡಿಯ ಜೊತೆ ಗುದ್ದಾಡುತ್ತಿದ್ದರು. ಟೈಲರಮ್ಮನಿಗೆ ನೋಡಲಾಗಲಿಲ್ಲ. ಏಡಿಯನ್ನು ಹಿಂದಿನಿಂದ ಎರಡು ಬೆರಳಲ್ಲಿ ಎತ್ತಿ, ಕೊರಳಲ್ಲಿದ್ದ ಟೇಪನ್ನು ಚಿಪ್ಪಿಗೆ ಅಡ್ಡ ಹಿಡಿದು, "ಮೂರೂವರೆ. ಬರ್ಕೊಳ್ಳಿ" ಎಂದಳು. ಏಡಿ ಕೂಡ ಗಿರಾಕಿಯ ಹಾಗೆ ತೆಪ್ಪಗಿತ್ತು.

ಅಂದಿನಿಂದ ಪ್ರತಿ ಶನಿವಾರ ನೀರು ಇಳಿದ ಹೊತ್ತಿಗೆ ಅವಳು ಬಂಡೆಗಳ ಮೇಲೆ ಹಾಜರು. ಏಡಿ ಅಳೆಯುವುದು, ಹರಿದ ಬಲೆಯ ತುಂಡುಗಳನ್ನು ಹೆಕ್ಕುವುದು, ಶಾಲೆಯಿಂದ ಬಂದ ಮಕ್ಕಳಿಗೆ ಬಂಡೆಯ ಬದುಕನ್ನು ತೋರಿಸುವುದು. "ಕಲ್ಲನ್ನ ಹೇಗೆ ಎತ್ತಿದ್ರೋ ಹಾಗೇ ಇಡಿ. ಅದರ ಅಸ್ತರಿನಲ್ಲಿ ಒಂದು ಸಂಸಾರವೇ ಇದೆ" ಎನ್ನುತ್ತಿದ್ದಳು. ಅಳತೆಗಳನ್ನು ಗಿರಾಕಿಗಳ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆಯುತ್ತಿದ್ದಳು: ಗಂಡು, ಮೂರೂಮುಕ್ಕಾಲು, ಬಲಗಡೆ ಇಕ್ಕಳ ಇಲ್ಲ, ಸಿಡುಕು ಸ್ವಭಾವ. ಅದನ್ನು ನೋಡಿ ಮೇಡಂ ಕಂಪ್ಯೂಟರಿಗೆ ಹಾಕುತ್ತಿದ್ದರು. ತಾಳೆ ನೋಡುವ ಮಾತೇ ಇರಲಿಲ್ಲ. ಟೈಲರಮ್ಮನ ಅಳತೆ ಎಂದರೆ ಅಳತೆ.

ಎರಡನೇ ವರ್ಷದ ಹೊತ್ತಿಗೆ ಕೇಂದ್ರದ ಬಾಗಿಲಲ್ಲೇ ಒಂದು ದೊಡ್ಡ ಫಲಕ ಬಂತು. ನಮ್ಮ ದಡದ ಏಡಿಗಳು ಬೇರೆಲ್ಲ ದಡಗಳ ಏಡಿಗಳಿಗಿಂತ ಅರ್ಧ ಇಂಚು ದೊಡ್ಡವು, ಇದು ನಮ್ಮ ಸ್ವಯಂಸೇವಕರ ಆರೈಕೆಯ ಫಲ, ಎಂದು. ಟೈಲರಮ್ಮ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಳು.

ಈ ವರ್ಷ ಕೇಂದ್ರದವರಿಗೆ ಇನ್ನೊಂದು ಒಳ್ಳೆಯ ಬುದ್ಧಿ ಬಂತು. ಶಾಲೆಯಲ್ಲಿ ಕಲಿತದ್ದಕ್ಕೆ ಮಾತ್ರ ಯಾಕೆ ಮನ್ನಣೆ? ದಡದಲ್ಲಿ ಬಗ್ಗಿ ಬಗ್ಗಿ ಕಲಿತವರಿಗೂ ಸಿಗಬೇಕು. ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದು, ಕೆಲಸ ನೋಡಿ, ನಾಲ್ಕು ಮಾತಾಡಿ, ಒಪ್ಪಿಗೆಯಾದರೆ 'ತೀರಪಾಲಕಿ' ಎಂಬ ಸರ್ಟಿಫಿಕೇಟು ಕೊಡುತ್ತಾರೆ ಎಂದು ಮೇಡಂ ಸಾರಿದರು. ಅದರ ಮಾದರಿಯನ್ನೂ ಫಲಕದ ಪಕ್ಕ ಅಂಟಿಸಿದರು.

ಅಂದು ಟೈಲರಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ ಮಾದರಿಗೆ ಟೇಪು ಹಿಡಿದಳು. ದಾರಿಯಲ್ಲೇ ಅಂಗಡಿಗೆ ಹೋಗಿ ಚೌಕಟ್ಟಿಗೆ ಅಳತೆ ಕೊಟ್ಟಳು. ಮನೆಗೆ ಬಂದು ಗಂಡನ ಕೈಯಲ್ಲಿ ಗೋಡೆಗೆ ಮೊಳೆ ಹೊಡೆಸಿದಳು, ನಾಯಿಯದ್ದಕ್ಕಿಂತ ಒಂದು ಗೇಣು ಮೇಲೆ.

"ಇನ್ನೂ ಕೊಟ್ಟಿಲ್ವಲ್ಲೇ!" ಎಂದ ಗಂಡ.

"ಮೊಳೆ ಇದ್ರೆ ತಾನೇ ಬರುತ್ತೆ" ಎಂದಳು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಚೌಕಟ್ಟು ಬಂತು. ಸರ್ಟಿಫಿಕೇಟುಗಳೆಲ್ಲ ಸಾಮಾನ್ಯವಾಗಿ ಒಂದೇ ಅಳತೆಯವು. ನೋಡೋಣವೆಂದು ನಾಯಿಯದನ್ನು ಬಿಚ್ಚಿ ಹೊಸ ಚೌಕಟ್ಟಿಗೆ ಹಾಕಿದರು. ಕಾಗದ ಒಳಗೆ ಅತ್ತಿಂದಿತ್ತ ಜಾರಾಡಿತು.

"ಅಂಗಡಿಯವನು ಕೈ ಕೊಟ್ಟ! ನನ್ನ ಅಳತೆ ತಪ್ಪೋದಕ್ಕೆ ಸಾಧ್ಯವೇ?" ಎಂದು ಟೈಲರಮ್ಮ ಸಿಡಿದಳು. ಟೇಪು ಎಳೆದು ಕಾಗದದ ಮೇಲೆ ಹಿಡಿದಳು. "ನೋಡಿ. ಹನ್ನೆರಡೂವರೆ."

ಗಂಡ ಕನ್ನಡಕ ಏರಿಸಿ ಬಗ್ಗಿದ. ಮನೆ ನಂಬರು ನೋಡಿ ನೋಡಿ ಪಳಗಿದ ಕಣ್ಣು ಅದು. "ಟೇಪು ಹನ್ನೆರಡು ಅಂತಿದೆಯಲ್ಲೇ?"

"ಹೌದು, ಹನ್ನೆರಡು. ಮೇಲೆ ಅರ್ಧ ಹೊಲಿಗೆಗೆ."

ಅಂದವಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ನಲವತ್ತು ವರ್ಷದ ಅಭ್ಯಾಸ. ಕಣ್ಣು ಟೇಪನ್ನು ಓದುವುದು, ಬಾಯಿ ಹೊಲಿಗೆಗೆ ಅರ್ಧ ಇಂಚು ಸೇರಿಸಿಯೇ ಹೇಳುವುದು. ನಡುವೆ ತಲೆಗೆ ಕೆಲಸವೇ ಇಲ್ಲ.

"ಅಯ್ಯೋ, ಏಡಿಗಳು!" ಎಂದು ಅವಳು ನೆಲಕ್ಕೆ ಕುಸಿದು ಕೂತಳು.

ವಿಷಯ ಅರ್ಥವಾಗಲು ಗಂಡನಿಗೆ ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ನಗು ತಡೆಯಲು ಇನ್ನೆರಡು ನಿಮಿಷ. ಹೆಂಡತಿಯ ಕಣ್ಣಲ್ಲಿ ನೀರು ಕಂಡು ಗಂಭೀರನಾದ. "ನಾಳೆ ಒಂದಿನ ಸುಮ್ನಿದ್ದುಬಿಡು. ಸರ್ಟಿಫಿಕೇಟು ಕೈಗೆ ಬರಲಿ. ಯಾರಿಗೆ ಗೊತ್ತಾಗುತ್ತೆ? ಏಡಿ ಬಂದು ಸಾಕ್ಷಿ ಹೇಳುತ್ತಾ?"

ಅವಳು ಮೊಳೆಯನ್ನೇ ನೋಡುತ್ತಾ ಕೇಳಿದಳು: "ನೀವು ಯಾವತ್ತಾದ್ರೂ ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಹಾಕಿದ್ದುಂಟಾ?"

"ಒಂದೇ ಒಂದ್ಸಲ."

"ಏನ್ ಮಾಡಿದ್ರಿ?"

ಗಂಡ ಕೆನ್ನೆ ಕೆರೆದುಕೊಂಡ. "ವಾಪಸ್ ಹೋಗಿ, ತಪ್ಪಾಯ್ತು ಅಂತ ಇಸ್ಕೊಂಡು ಬಂದೆ."

ಅಲ್ಲಿಗೆ ಮಾತು ಮುಗಿಯಿತು.

ಮಾರನೆಯ ಬೆಳಿಗ್ಗೆ ಬಂಡೆಯ ಬಳಿ ಪರೀಕ್ಷಕರು ಕಾದಿದ್ದರು. ಬಿಳಿಗೂದಲಿನ ಹೆಂಗಸು, ಮೊಣಕಾಲುದ್ದದ ಬೂಟು, ಕೊರಳಲ್ಲಿ ಫಳಫಳ ಹೊಳೆಯುವ ಸ್ಟೀಲಿನ ಅಳತೆಕಡ್ಡಿ. ಪಕ್ಕದಲ್ಲಿ ಮೇಡಂ, ಮಗಳ ಮದುವೆಯ ದಿನದ ತಾಯಿಯ ಹಾಗೆ ಸಂಭ್ರಮಿಸುತ್ತಾ ನಿಂತಿದ್ದರು.

"ಮೊದಲು ನಂದೊಂದು ಮಾತಿದೆ" ಎಂದಳು ಟೈಲರಮ್ಮ. ಒಂದೇ ಉಸಿರಿಗೆ ಎಲ್ಲವನ್ನೂ ಒಪ್ಪಿಸಿದಳು. ಟೇಪು, ಬಾಯಿ, ಹೊಲಿಗೆ, ಚೌಕಟ್ಟು, ನಾಯಿಯ ಸರ್ಟಿಫಿಕೇಟು, ಏನನ್ನೂ ಬಿಡಲಿಲ್ಲ. "ಏಡಿಗಳು ದೊಡ್ಡವಲ್ಲ, ಮೇಡಂ. ನಾನೇ ಲೂಸ್ ಇಟ್ಟಿದ್ದೆ."

ಮೇಡಂ ಮುಖ ಬಿಳಿಚಿಕೊಂಡಿತು. "ಮೂರು ವರ್ಷದ ವರದಿ! ಬಾಗಿಲಲ್ಲಿ ಫಲಕ ಬೇರೆ ಹಾಕಿದೀನಿ!" ಎಂದು ತಲೆ ಮೇಲೆ ಕೈ ಹೊತ್ತು ಬಂಡೆಯ ಮೇಲೆ ಕೂತರು. ಕೂತ ಜಾಗ ಒದ್ದೆಯಾಗಿದ್ದದ್ದೂ ಅವರ ಗಮನಕ್ಕೆ ಬರಲಿಲ್ಲ. ಮೇಡಂಗೆ ತಾನೇ ಹೊಲಿದುಕೊಟ್ಟ ಪ್ಯಾಂಟು ನೆನೆಯುವುದನ್ನು ನೋಡುತ್ತಾ ಟೈಲರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಗೋಡೆಯ ಮೊಳೆಗೆ ಇನ್ನು ಕ್ಯಾಲೆಂಡರೇ ಗತಿ ಎಂದುಕೊಂಡಳು.

ಪರೀಕ್ಷಕರು ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. "ಹತ್ತು ಏಡಿ ಹಿಡೀರಿ. ಇಷ್ಟು ದಿನ ಹೇಗೆ ಹೇಳ್ತಿದ್ರೋ ಹಾಗೇ ಹೇಳಿ. ಯೋಚನೆ ಮಾಡಬೇಡಿ" ಎಂದರು.

ಟೈಲರಮ್ಮ ಹಿಡಿದಳು. "ಮೂರೂವರೆ."

ಪರೀಕ್ಷಕರು ಅದೇ ಏಡಿಗೆ ತಮ್ಮ ಕಡ್ಡಿ ಇಟ್ಟರು. ಮೂರು.

"ನಾಲ್ಕು." ಮೂರೂವರೆ. "ಎರಡೂಮುಕ್ಕಾಲು." ಎರಡೂಕಾಲು. ಹತ್ತಕ್ಕೆ ಹತ್ತೂ ಹಾಗೆಯೇ, ಎಲ್ಲೂ ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇಲ್ಲ. ಹತ್ತನೆಯ ಏಡಿಯನ್ನು ಕಲ್ಲಿನ ಕೆಳಗೆ ಬಿಟ್ಟ ಮೇಲೆ ಪರೀಕ್ಷಕರ ಮುಖ ಅರಳಿತು.

"ಇಷ್ಟು ನಿಯತ್ತಾಗಿ ತಪ್ಪು ಮಾಡೋರನ್ನ ನಾನು ನೋಡೇ ಇಲ್ಲ! ಏಳಿ ಮೇಡಂ. ಎಲ್ಲಾ ಅಳತೆಯಲ್ಲೂ ಅರ್ಧ ಇಂಚು ಕಳೀರಿ, ಮುಗೀತು. ಇವರ ಪುಸ್ತಕ ಅಪ್ಪಟ ಚಿನ್ನ."

"ಆದ್ರೆ ನಮ್ಮ ಏಡಿಗಳು ದೊಡ್ಡವಲ್ಲ ಅಂತಾಯ್ತಲ್ಲ" ಎಂದರು ಮೇಡಂ, ಅಳುಮೋರೆಯಲ್ಲಿ.

"ಬೇರೆ ದಡದವಕ್ಕಿಂತ ದೊಡ್ಡವಲ್ಲ, ನಿಜ. ಆದ್ರೆ ಮೂರೂ ವರ್ಷ ಇವರು ಬಿಟ್ಟಿದ್ದು ಅದೇ ಅರ್ಧ ಇಂಚು ತಾನೇ? ಮೊದಲನೇ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಿ ನೋಡಿ." ಪರೀಕ್ಷಕರು ಗಿರಾಕಿಗಳ ಪುಸ್ತಕವನ್ನು ತಿರುವಿದರು. "ಎರಡು ದಾರದೆಳೆಯಷ್ಟು ಬೆಳೆದಿವೆ. ನಿಮ್ಮ ಆರೈಕೆ ಸುಳ್ಳಲ್ಲ. ಫಲಕ ಸ್ವಲ್ಪ ಚಿಕ್ಕದು ಮಾಡಿ, ಅಷ್ಟೇ."

ಎರಡು ದಾರದೆಳೆ! ಟೈಲರಮ್ಮನಿಗೆ ಅರ್ಧ ಇಂಚಿನ ಸುಳ್ಳಿಗೆ ಫೋಟೋ ತೆಗೆಸಿಕೊಂಡಾಗ ಆಗದ ಹೆಮ್ಮೆ ಈ ಎರಡೆಳೆ ನಿಜಕ್ಕೆ ಆಯಿತು. ಪರೀಕ್ಷಕರು ಅರ್ಜಿ ಮುಂದಿಟ್ಟು, 'ಏನು ಕಲಿತಿರಿ' ಎಂಬ ಜಾಗದಲ್ಲಿ ಒಂದು ಸಾಲು ಬರೆಯಿರಿ ಎಂದರು. ಅವಳು ಬಹಳ ಹೊತ್ತು ಪೆನ್ನು ಕಚ್ಚಿ, ಕೊನೆಗೆ ದುಂಡಗೆ ಬರೆದಳು: 'ಏಡಿಗೆ ಅಂಗಿ ಹೊಲಿಯುವುದಿಲ್ಲ. ಟೇಪು ಹೇಳಿದಷ್ಟೇ ಹೇಳಬೇಕು.' ಅದನ್ನು ಓದಿದ ಮೇಲೆ ಮಾತ್ರ ಪರೀಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಸಹಿ ಹಾಕಿದರು.

ಸರ್ಟಿಫಿಕೇಟು ಅಂದೇ ಗೋಡೆ ಹತ್ತಿತು. ಚೌಕಟ್ಟಿನೊಳಗೆ ಎರಡು ಹನಿ ಅಂಟು ಹಾಕಿ ಕೂರಿಸಿದರೂ ಅಂಚಿನಲ್ಲಿ ಖಾಲಿ ಪಟ್ಟಿ ಎದ್ದು ಕಾಣುತ್ತಿತ್ತು.

ಭಾನುವಾರ ಬಂದ ಮಗಳು ಅಮ್ಮನನ್ನು ತಬ್ಬಿಕೊಂಡಳು. ಆಮೇಲೆ ತಲೆ ವಾರೆ ಮಾಡಿ ಗೋಡೆ ನೋಡಿದಳು. "ಚೌಕಟ್ಟು ದೊಡ್ಡದಾಯ್ತಲ್ಲಮ್ಮ. ಅಳತೆಗೆ ಸರಿಯಾಗಿ ಬೇರೆ ಮಾಡಿಸಿಕೊಡ್ಲಾ?"

"ಬೇಡ, ಇರ್ಲಿ" ಎಂದಳು ಟೈಲರಮ್ಮ, ಶನಿವಾರದ ಚೀಲಕ್ಕೆ ಹೊಸ ಸ್ಟೀಲಿನ ಅಳತೆಕಡ್ಡಿ ತುರುಕುತ್ತಾ. "ಬೆಳೆಯೋ ಮಕ್ಕಳ ಬಟ್ಟೆಗೆ ಒಳಗೆ ಅಷ್ಟು ಬಿಟ್ಟೇ ಹೊಲಿಯೋದು."